ಗಣಿತಾಚಾರ್ಯ ಮಹಾವೀರ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಮಂಠಾಳ ಎಂಬ ಊರಿದೆ. ಜೋಳ, ತೊಗರಿ, ಕಡಲೆ, ಉದ್ದುಗಳನ್ನು ಬೆಳೆಯುವ ಬಯಲುಸೀಮೆಯ ಊರು ಅದು. ಕರಾವಳಿಯವರು ಕಡಲಿರುವ ಕಡೆಯನ್ನು ನೋಡಿ ಇದು ಪಡುವಣವೆಂದು ಹೇಳಬಲ್ಲರು. ಮಲೆನಾಡಿನವರಿಗೆ ಬೆಟ್ಟದ ಸಾಲು ಗುರುತಾಗಬಲ್ಲದು. ಬಯಲಿನವರಿಗೆ ಈ ಅನುಕೂಲಗಳಿಲ್ಲ. ಇಲ್ಲಿ ದಿಕ್ಕನ್ನು ತೋರುವವನು ಸೂರ್ಯನೊಬ್ಬನೇ. ಅವನು ಮೂಡುವ ಕಡೆ ಮೂಡಣ, ಅವನು ಪಡುವ ಕಡೆ ಪಡುವಣ ಎಂದು ಕನ್ನಡ ಭಾಷೆಯೇ ದಿಕ್ಕುಗಳಿಗೆ ಸೂರ್ಯನಿಂದ ಹೆಸರು ಪಡೆದುಕೊಂಡಿದೆ.

ಆದರೆ ಈ ಮಾತಿನಲ್ಲಿ ಒಂದು ತೊಡಕಿದೆ. ಸೂರ್ಯನು ನೇರ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡೇ ಸಲ. ಮಾರ್ಚ್ ಹಾಗೂ ಸೆಪ್ಟೆಂಬರ್ ತಿಂಗಳುಗಳಲ್ಲಿ ಹಗಲಿರುಳುಗಳು ಸಮನಾಗುವ ವಿಷುವದ ದಿನಗಳೇ ಅವು. ಅಲ್ಲಿಂದಾಚೆಗೆ ಅವನು ದಿನದಿನಕ್ಕೂ ಸರಿಯುತ್ತಾನೆ. ಮಂಠಾಳದ ಸೀಮೆಯಲ್ಲಿ ಜೂನ್ ತಿಂಗಳ ಉತ್ತರಾರ್ಧದ ಒಂದು ಬೆಳಗ್ಗೆ ಅವನು ಹುಟ್ಟುವ ಸ್ಥಳ ನೇರ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕಿರುತ್ತದೆ. ಡಿಸೆಂಬರಿನಲ್ಲಿ ಅಷ್ಟೇ ಡಿಗ್ರಿ ದಕ್ಷಿಣಕ್ಕೆ ಹೋಗಿರುತ್ತದೆ. ಸೂರ್ಯೋದಯವನ್ನು ನಂಬಿ ಒಬ್ಬನು ಜೂನಿನಲ್ಲಿಯೂ ಇನ್ನೊಬ್ಬನು ಡಿಸೆಂಬರಿನಲ್ಲಿಯೂ ಹೊಲದ ಮೂಡಣ ಬದುವನ್ನು ಗೊತ್ತುಮಾಡಿದರೆ ಇಬ್ಬರ ನಡುವೆ ವ್ಯಾಜ್ಯ ಹುಟ್ಟುವುದು ಖಂಡಿತ.

ಈ ತೊಡಕನ್ನು ಬಿಡಿಸಲು ಒಂದು ಕೋಲು, ಒಂದು ದಾರ, ಒಂದಿಷ್ಟು ಸಮತಟ್ಟಾದ ನೆಲ ಇವಿಷ್ಟೇ ಸಾಕೆಂಬುದನ್ನು ಗಣಿತದ ಪುಸ್ತಕದಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟ ಮಹನೀಯರೊಬ್ಬರು ಇದೇ ಸೀಮೆಗೆ ಸೇರಿದ ರಾಜ್ಯವೊಂದರ ಆಶ್ರಯದಲ್ಲಿ ಬಾಳಿದರು. ಅವರೇ ಗಣಿತಸಾರಸಂಗ್ರಹದ ಕರ್ತೃಗಳಾದ ಮಹಾವೀರಾಚಾರ್ಯರು. ಜೈನರ ಇಪ್ಪತ್ತನಾಲ್ಕನೆಯ ತೀರ್ಥಂಕರನಾದ ಮಹಾವೀರನೇ ಬೇರೆ, ಈ ಆಚಾರ್ಯರೇ ಬೇರೆ. ತೀರ್ಥಂಕರನ ಹೆಸರನ್ನು ಹೊತ್ತ ಇವರು ಅವನಿಗಿಂತ ಸಾವಿರದ ಮುನ್ನೂರು ವರ್ಷಗಳಷ್ಟು ಈಚಿನವರು.

ಕ್ರಿ.ಶ. 814ರಲ್ಲಿ ಅಮೋಘವರ್ಷ ನೃಪತುಂಗನು ರಾಷ್ಟ್ರಕೂಟ ಸಿಂಹಾಸನವನ್ನು ಏರಿದನು. ಆಗ ಅವನಿನ್ನೂ ಬಾಲಕ. ದಂಗೆಗಳನ್ನೂ ಯುದ್ಧಗಳನ್ನೂ ಎದುರಿಸಿ ಉಳಿದ ಅವನು 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಆಳಿದನು. ರಾಷ್ಟ್ರಕೂಟರ ಹಿಂದಿನ ನೆಲೆಯಾಗಿದ್ದ ಮಯೂರಖಂಡಿಯನ್ನು ಕೆಲವು ವಿದ್ವಾಂಸರು ಬಸವಕಲ್ಯಾಣದ ಬಳಿಯ ಮೋರಖಂಡಿಯೆಂದು ಗುರುತಿಸುತ್ತಾರೆ. ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಮೇಲೆ ಹಳೆಯ ಕೋಟೆಯ ಗೋಡೆಗಳೊಂದಿಗೂ ನೇಮಿನಾಥ ಬಸದಿಯೊಂದಿಗೂ ಇರುವ ಈ ಊರನ್ನು ನೋಡಿದವರಿಗೆ ಒಂದು ಕಾಲಕ್ಕೆ ನರ್ಮದೆಯಿಂದ ದಕ್ಷಿಣದ ಬಹುಭಾಗವನ್ನು ಇಲ್ಲಿಂದ ಆಳುತ್ತಿದ್ದರೆಂಬುದು ಬೇಗನೆ ಮನಸ್ಸಿಗೆ ಬಾರದು.

ಆ ರಾಜಧಾನಿ ವಿದ್ವಾಂಸರ ಆಶ್ರಯಸ್ಥಾನವಾಗಿತ್ತು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಈ ಅರಸನ ಕಾಲದಲ್ಲಿ. ಆದಿಪುರಾಣವನ್ನು ಸಂಸ್ಕೃತದಲ್ಲಿ ಬರೆದ ಜಿನಸೇನಾಚಾರ್ಯರು ಅವನಿಗೆ ಗುರುಸ್ಥಾನದಲ್ಲಿದ್ದರು. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟನು. ಕಾವ್ಯ, ವ್ಯಾಕರಣ, ಧರ್ಮಶಾಸ್ತ್ರಗಳ ಈ ಪರಿಸರದಲ್ಲಿ ಗಣಿತಕ್ಕೆ ಸಲ್ಲಬೇಕಾದ ಸ್ಥಾನವನ್ನು ದೊರಕಿಸಿಕೊಟ್ಟವರು ಮಹಾವೀರಾಚಾರ್ಯರು.

ಅವರ ಜೀವನದ ವಿಷಯವಾಗಿ ತಿಳಿದಿರುವುದು ಬಹಳ ಸ್ವಲ್ಪ. ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟಿದ ಊರನ್ನಾಗಲಿ ವರ್ಷವನ್ನಾಗಲಿ ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ಗ್ರಂಥದ ಆರಂಭದಲ್ಲಿ ಜಿನನನ್ನು ಸ್ತುತಿಸಿರುವುದರಿಂದ ಅವರು ಜೈನರೆಂಬುದು ತಿಳಿಯುತ್ತದೆ. ಅನಂತರ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೊಗಳಿರುವುದರಿಂದ ಅವರ ಕಾಲ ಗೊತ್ತಾಗುತ್ತದೆ. ಗ್ರಂಥವು ಸುಮಾರು 850ರಲ್ಲಿ ರಚಿತವಾಗಿರಬೇಕೆಂದು ವಿದ್ವಾಂಸರ ಎಣಿಕೆ. ತನ್ನ ಬಗೆಗೆ ಒಂದು ಮಾತನ್ನೂ ಬರೆಯದ ಈ ಲೇಖಕರು ಗಣಿತದ ಬಗೆಗೆ ಮಾತ್ರ ಪುಟ ತುಂಬ ಹೊಗಳಿದ್ದಾರೆ. ವ್ಯಾಪಾರದಲ್ಲಿಯೂ ವೈದ್ಯದಲ್ಲಿಯೂ, ಅಡುಗೆಯಲ್ಲಿಯೂ ಸಂಗೀತದಲ್ಲಿಯೂ, ಮನೆ ಕಟ್ಟುವುದರಲ್ಲಿಯೂ ಛಂದಸ್ಸಿನಲ್ಲಿಯೂ, ಗ್ರಹಗಳ ಚಲನೆಯಲ್ಲಿಯೂ ಗಣಿತವಿಲ್ಲದೆ ನಡೆಯದೆಂಬುದು ಅವರ ಅಭಿಪ್ರಾಯದ ಸಾರ. ಇಷ್ಟು ಉತ್ಸಾಹದಿಂದ ಈ ವಿದ್ಯೆಯನ್ನು ಎತ್ತಿಹಿಡಿದವರು ಹಿಂದಿನವರಲ್ಲಿ ವಿರಳ. ಆದುದರಿಂದ ಅವರ ಜೀವನವನ್ನು ಅವರ ಗ್ರಂಥದಲ್ಲಿಯೇ ಹುಡುಕಬೇಕಾಗಿದೆ.

ಅವರಿಗಿಂತ ಹಿಂದಿನ ದೊಡ್ಡ ಗಣಿತಜ್ಞರಾದ ಆರ್ಯಭಟ, ಬ್ರಹ್ಮಗುಪ್ತರು ಮುಖ್ಯವಾಗಿ ಖಗೋಳಶಾಸ್ತ್ರಜ್ಞರು. ಗ್ರಹಣವನ್ನೂ ಗ್ರಹಗತಿಯನ್ನೂ ಲೆಕ್ಕ ಹಾಕುವುದಕ್ಕೆ ಬೇಕಾದ ಗಣಿತವನ್ನು ಅವರು ತಮ್ಮ ಸಿದ್ಧಾಂತಗ್ರಂಥಗಳ ಒಂದೆರಡು ಅಧ್ಯಾಯಗಳಲ್ಲಿ ಅಡಕಗೊಳಿಸಿದರು. ಮಹಾವೀರಾಚಾರ್ಯರು ಈ ಪದ್ಧತಿಯನ್ನು ಬಿಟ್ಟರು. ಗಣಿತಕ್ಕಾಗಿಯೇ ಒಂದು ಪ್ರತ್ಯೇಕ ಗ್ರಂಥವನ್ನು, ಸಾವಿರದ ನೂರಕ್ಕೂ ಹೆಚ್ಚು ಸಂಸ್ಕೃತ ಶ್ಲೋಕಗಳಲ್ಲಿ, ಒಂಬತ್ತು ಅಧ್ಯಾಯಗಳಾಗಿ ರಚಿಸಿದರು. ಪರಿಭಾಷೆಯಿಂದ ಮೊದಲಾಗಿ ಗುಣಾಕಾರ ಭಾಗಾಕಾರಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಕ್ಷೇತ್ರಗಣಿತ, ಕೆರೆಬಾವಿಗಳನ್ನು ತೋಡುವ ಲೆಕ್ಕ ಇವೆಲ್ಲ ಕ್ರಮವಾಗಿ ಬರುತ್ತವೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಂಡುಹಿಡಿಯುವ ರೀತಿಯನ್ನು ಅವರು ನಿರುದ್ಧವೆಂಬ ಹೆಸರಿನಿಂದ ಹೇಳಿದ್ದಾರೆ. ಅದು ಇಂದಿಗೂ ಶಾಲೆಗಳಲ್ಲಿ ನಡೆದು ಬಂದಿರುವ ರೀತಿಯೇ ಆಗಿದೆ.

ಅವರು ಒಣ ಪಂಡಿತರಾಗಿರಲಿಲ್ಲ. ದುಂಬಿಗಳು, ಆನೆಯ ಹಿಂಡು, ಮಾವಿನ ಹಣ್ಣು, ದಾರಿಯಲ್ಲಿ ಹಣದ ಚೀಲವನ್ನು ಕಂಡ ವರ್ತಕರು ಇವೆಲ್ಲ ಅವರ ಲೆಕ್ಕಗಳೊಳಗೆ ಬಂದು ಹೋಗುತ್ತವೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಅವರು ಕಾರಣಸಹಿತವಾಗಿ ಹೇಳಿದ್ದಾರೆ. ಅವರು ತಪ್ಪಿದ್ದೂ ಉಂಟು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವರು ಬರೆದರು, ಇದು ಸರಿಯಲ್ಲ. ಮುನ್ನೂರು ವರ್ಷಗಳ ಅನಂತರ ಭಾಸ್ಕರಾಚಾರ್ಯರು ಈ ವಿಷಯವನ್ನು ಬೇರೆ ರೀತಿಯಾಗಿ ವಿವೇಚಿಸಿದರು. ದೊಡ್ಡವರ ತಪ್ಪನ್ನು ಮುಚ್ಚಿಡಬೇಕಾದ ಅಗತ್ಯವೇನೂ ಇಲ್ಲ.

ಗ್ರಂಥದ ಒಂಬತ್ತನೆಯ, ಅಂದರೆ ಕೊನೆಯ, ಅಧ್ಯಾಯ ಛಾಯಾವ್ಯವಹಾರ. ನೆರಳಿಗೆ ಸಂಬಂಧಿಸಿದ ಲೆಕ್ಕವೆಂದು ಇದರ ಅರ್ಥ. ಖಗೋಳದ ವಿಷಯವನ್ನು ಬದಿಗಿಟ್ಟ ಗ್ರಂಥಕಾರರು ನೆರಳನ್ನು ಮಾತ್ರ ಏಕೆ ಉಳಿಸಿಕೊಂಡರೆಂಬ ಪ್ರಶ್ನೆ ಏಳುತ್ತದೆ. ಆ ಕಾಲದ ಜನಜೀವನವನ್ನು ನೋಡಿದರೆ ಉತ್ತರ ಕಷ್ಟವಲ್ಲ.

ರಾಷ್ಟ್ರಕೂಟರ ಕಾಲದ ತಾಮ್ರಪಟಗಳನ್ನೂ ಶಿಲಾಶಾಸನಗಳನ್ನೂ ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅರಸನು ಒಂದು ಊರನ್ನೋ ಹೊಲವನ್ನೋ ದಾನ ಮಾಡಿದಾಗ ಅದರ ಎಲ್ಲೆಗಳನ್ನು ಮೂಡಣ, ತೆಂಕಣ, ಪಡುವಣ, ಬಡಗಣ ಎಂದು ದಿಕ್ಕಿನಿಂದ ದಿಕ್ಕಿಗೆ ಹೆಸರಿಸಿ ಬರೆಯಿಸುವುದು ವಾಡಿಕೆಯಾಗಿತ್ತು. ಬಸದಿಯನ್ನಾಗಲಿ ದೇಗುಲವನ್ನಾಗಲಿ ಕಟ್ಟುವವರು ಮೊದಲು ದಿಕ್ಕನ್ನು ನಿಶ್ಚಯಿಸಿಕೊಳ್ಳಬೇಕಾಗಿತ್ತು. ದಿಕ್ಕನ್ನು ಹಿಡಿಯುವುದಕ್ಕಾಗಿ ನೆಲದಲ್ಲಿ ನಿಲ್ಲಿಸುವ ಕೋಲಿಗೆ ಶಂಕುವೆಂದು ಹೆಸರು. ಇಂದು ಯಾವುದಾದರೂ ಕಟ್ಟಡಕ್ಕೆ ಅಡಿಗಲ್ಲನ್ನಿಡುವ ಸಮಾರಂಭವನ್ನು ಶಂಕುಸ್ಥಾಪನೆಯೆಂದು ಕರೆಯುವಾಗ, ಕೋಲಿನ ಹೆಸರು ಮಾತ್ರ ಉಳಿದು ಕೋಲು ಮರೆಯಾಗಿರುವುದನ್ನು ಗಮನಿಸಬಹುದು. ಇನ್ನು ಹೊತ್ತಿನ ಮಾತು. ಜೈನರು ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ. ಅವರ ವ್ರತಗಳಲ್ಲಿ ಪೌರುಷಿಯೆಂಬ ಕಾಲಮಾನವೊಂದಿದೆ. ಪುರುಷನ, ಅಂದರೆ ಆಳಿನ, ನೆರಳಿನ ಅಳತೆಯಿಂದಲೇ ಆ ಹೆಸರು ಬಂದುದು. ಗಡಿಯಾರವಿಲ್ಲದ, ದಿಕ್ಸೂಚಿಯಿಲ್ಲದ ಆ ಕಾಲದಲ್ಲಿ ಹೊಲದವನಿಗೂ ಶಿಲ್ಪಿಗೂ ಶ್ರಾವಕನಿಗೂ ನೆರಳು ದಿನನಿತ್ಯ ಬೇಕಾಗಿದ್ದ ವಸ್ತು.

ಶಂಕುವಿನಿಂದ ದಿಕ್ಕನ್ನು ಕಾಣುವ ಉಪಾಯವನ್ನು ಮಹಾವೀರಾಚಾರ್ಯರೇ ಹೊಸದಾಗಿ ಕಂಡುಹಿಡಿದರೆಂದು ಹೇಳಲಾಗದು. ಯಜ್ಞವೇದಿಕೆಗಳ ಅಳತೆಯನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿಯೇ ಅದು ಬಂದಿದೆ, ಸಿದ್ಧಾಂತಗ್ರಂಥಗಳಲ್ಲಿಯೂ ಇದೆ. ಆದರೆ ಅಲ್ಲಿ ಅದು ಯಾಜ್ಞಿಕರ ಅಥವಾ ಜ್ಯೋತಿಷಿಗಳ ವಿದ್ಯೆ. ಮಹಾವೀರಾಚಾರ್ಯರು ಅದನ್ನು ತಂದು ಬಡ್ಡಿಯ ಲೆಕ್ಕ, ಬಾವಿಯ ಲೆಕ್ಕಗಳ ಜೊತೆಯಲ್ಲಿ ಇರಿಸಿದರು. ಗ್ರಹಗತಿಯನ್ನು ಅರಿಯದವನೂ ಕೂಡುವುದು ಕಳೆಯುವುದು ಬಲ್ಲವನಾದರೆ ಸಾಕು, ದಿಕ್ಕನ್ನು ಕಾಣಬಹುದೆಂಬಂತಾಯಿತು.

ಅವರು ವಿಧಿಸಿದ ಕ್ರಮ ಹೀಗಿದೆ. ಮೊದಲು ನೆಲವನ್ನು ನಿಂತ ನೀರಿನಂತೆ ಸಮತಟ್ಟು ಮಾಡಬೇಕು. ಅದರ ಮೇಲೆ ಕೋಲಿನ ಉದ್ದವನ್ನು ಆಧಾರವಾಗಿಟ್ಟುಕೊಂಡು ದಾರದಿಂದ ಒಂದು ವೃತ್ತವನ್ನು ಎಳೆಯಬೇಕು. ವೃತ್ತದ ಕೇಂದ್ರದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಬೆಳಗ್ಗೆ ನೆರಳು ಉದ್ದವಾಗಿ ಪಡುವಣ ಪಕ್ಕಕ್ಕೆ ಚಾಚಿಕೊಂಡು ವೃತ್ತದಿಂದ ಹೊರಗೆ ಬಿದ್ದಿರುತ್ತದೆ. ಹೊತ್ತು ಏರಿದಂತೆ ಅದು ಕುಗ್ಗುತ್ತ ಬಂದು ಒಂದು ಗಳಿಗೆಯಲ್ಲಿ ಅದರ ತುದಿ ವೃತ್ತದ ಗೆರೆಯನ್ನು ಮುಟ್ಟಿ ಒಳಕ್ಕೆ ಬರುತ್ತದೆ. ಆ ಬಿಂದುವಿನಲ್ಲಿ ಒಂದು ಗುರುತು ಮಾಡಬೇಕು. ಮಧ್ಯಾಹ್ನ ಕಳೆದ ಮೇಲೆ ನೆರಳು ಮೂಡಣ ಪಕ್ಕಕ್ಕೆ ತಿರುಗಿ ಬೆಳೆಯತೊಡಗುತ್ತದೆ. ಅದರ ತುದಿ ಮತ್ತೆ ಗೆರೆಯನ್ನು ಮುಟ್ಟಿ ಹೊರಕ್ಕೆ ಹೋಗುವಾಗ ಎರಡನೆಯ ಗುರುತು ಮಾಡಬೇಕು. ಮೊದಲ ಗುರುತು ಪಶ್ಚಿಮವನ್ನೂ ಎರಡನೆಯದು ಪೂರ್ವವನ್ನೂ ತೋರುತ್ತವೆ. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವಪಶ್ಚಿಮ ರೇಖೆ.

ಉತ್ತರ ದಕ್ಷಿಣಗಳನ್ನು ಕಾಣಲು ಈ ಎರಡು ಗುರುತುಗಳನ್ನು ಕೇಂದ್ರವಾಗಿಟ್ಟುಕೊಂಡು ಒಂದೇ ಅಳತೆಯ ದಾರದಿಂದ ಎರಡು ಕಂಸಗಳನ್ನು ಎಳೆಯುತ್ತಾರೆ. ಅವು ಎರಡು ಕಡೆ ಒಂದನ್ನೊಂದು ಕತ್ತರಿಸಿ ನಡುವೆ ಒಂದು ಮೀನಿನ ಆಕಾರ ಮೂಡುತ್ತದೆ. ಮೀನಿನ ತಲೆಯಿಂದ ಬಾಲಕ್ಕೆ ದಾರ ಹಿಡಿದರೆ ಅದು ಉತ್ತರದಕ್ಷಿಣ ರೇಖೆಯಾಗುತ್ತದೆ. ರೇಖಾಗಣಿತದ ತರಗತಿಯಲ್ಲಿ ಒಂದು ರೇಖಾಖಂಡಕ್ಕೆ ಲಂಬಾರ್ಧಕವನ್ನು ಎಳೆಯಲು ಕೈವಾರದಿಂದ ಮಾಡುವ ರಚನೆ ಇದಲ್ಲದೆ ಬೇರೆಯಲ್ಲ. ಕೈವಾರದ ಬದಲು ದಾರ, ಕಾಗದದ ಬದಲು ನೆಲ, ಅಷ್ಟೇ ವ್ಯತ್ಯಾಸ.

ಈ ಕ್ರಮ ಏಕೆ ಸರಿಯಾಗುತ್ತದೆ? ಸೂರ್ಯನು ಮಧ್ಯಾಹ್ನಕ್ಕೆ ಮೊದಲು ಎಷ್ಟು ಎತ್ತರದಲ್ಲಿದ್ದನೋ ಅಷ್ಟೇ ಎತ್ತರಕ್ಕೆ ಮಧ್ಯಾಹ್ನದ ಬಳಿಕ ಮತ್ತೊಮ್ಮೆ ಬರುತ್ತಾನೆ. ಈ ಎರಡು ಸ್ಥಾನಗಳು ಉತ್ತರದಕ್ಷಿಣ ರೇಖೆಯ ಇಕ್ಕೆಲಗಳಲ್ಲಿ ಸಮಾನ ಕೋನದಲ್ಲಿರುತ್ತವೆ. ಎತ್ತರ ಸಮನಾದರೆ ನೆರಳಿನ ಉದ್ದವೂ ಸಮ. ವೃತ್ತದ ಗೆರೆ ಆ ಸಮಾನವಾದ ಉದ್ದವನ್ನು ಹಿಡಿದುಕೊಡುತ್ತದೆ. ಸೂರ್ಯನು ಎಲ್ಲಿ ಹುಟ್ಟಿದನೆಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಜೂನಿರಲಿ ಡಿಸೆಂಬರಿರಲಿ, ಬರುವ ಗೆರೆ ಒಂದೇ.

ನಡುಹಗಲಿನಲ್ಲಿ ನೆರಳು ತೀರ ಗಿಡ್ಡವಾಗಿರುವಾಗ ಅದು ಬಿದ್ದ ಗೆರೆಯನ್ನೇ ಉತ್ತರದಕ್ಷಿಣವೆಂದು ಹಿಡಿಯಬಾರದೇ, ಇಡೀ ದಿನ ಕಾಯುವ ಶ್ರಮವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ತತ್ತ್ವವಾಗಿ ಅದು ಸರಿ. ಆಚರಣೆಯಲ್ಲಿ ಅದು ಕೈಗೆ ಸಿಗದು. ಮಧ್ಯಾಹ್ನದ ಹೊತ್ತಿನಲ್ಲಿ ನೆರಳಿನ ಉದ್ದ ಬಹಳ ಹೊತ್ತಿನವರೆಗೆ ಬದಲಾದಂತೆಯೇ ಕಾಣುವುದಿಲ್ಲ. ಯಾವ ಗಳಿಗೆಯಲ್ಲಿ ಅದು ಅತ್ಯಂತ ಗಿಡ್ಡವಾಯಿತೆಂದು ಕಣ್ಣು ಹೇಳಲಾರದು. ಆದರೆ ಅದೇ ಹೊತ್ತಿನಲ್ಲಿ ಅದು ಬೀಳುವ ದಿಕ್ಕು ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಗಡಿಯಾರವನ್ನು ನೋಡಿ 12 ಗಂಟೆಗೆ ಗುರುತು ಹಾಕುವವನು ಇನ್ನೂ ಹೆಚ್ಚಾಗಿ ತಪ್ಪುತ್ತಾನೆ. ಭಾರತದ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬಸವಕಲ್ಯಾಣದ ಸೀಮೆ ಸುಮಾರು 77 ಡಿಗ್ರಿಯಲ್ಲಿರುವುದರಿಂದ ಇಲ್ಲಿ ಸೂರ್ಯನ ಮಧ್ಯಾಹ್ನ ಸರಾಸರಿ 12 ಗಂಟೆ 22 ನಿಮಿಷಕ್ಕೆ ಆಗುತ್ತದೆ. ಋತುವಿಗೆ ತಕ್ಕಂತೆ ಅದು ಸುಮಾರು ಕಾಲು ಗಂಟೆ ಹಿಂದೆ ಮುಂದೆ ಸರಿಯುತ್ತದೆ. ಇವೆಲ್ಲ ಗೊಡವೆಗಳಿಲ್ಲದೆ ಬೆಳಗಿನ ನೆರಳನ್ನು ಸಂಜೆಯ ನೆರಳಿನೊಡನೆ ಜೋಡಿಸುವ ಹಳೆಯ ಉಪಾಯವೇ ಮೇಲು.

ಮಂಠಾಳದಂತಹ ಊರಿನ ಶಾಲೆಯ ಅಂಗಳದಲ್ಲಿ ಇದನ್ನು ಮಾಡಿ ನೋಡಬೇಕೆನ್ನುವ ವಿದ್ಯಾರ್ಥಿ ಕೋಲಿನ ಎರಡರಷ್ಟು ಉದ್ದವನ್ನು ತ್ರಿಜ್ಯವಾಗಿಟ್ಟುಕೊಂಡು ವೃತ್ತ ಎಳೆದರೆ ವರ್ಷದ ಎಲ್ಲ ಋತುಗಳಲ್ಲಿಯೂ ಕೆಲಸ ನಡೆಯುತ್ತದೆ. ಒಂದೂವರೆ ಅಡಿಯ ಕೋಲಿಗೆ ಮೂರಡಿಯ ದಾರ ಸಾಕು. ಕೋಲು ಒಂದಿಷ್ಟೂ ವಾಲದಂತೆ ಗಾರೆ ಕೆಲಸದವರು ಬಳಸುವ ತೂಕದ ದಾರವನ್ನು ಇಳಿಬಿಟ್ಟು ನೋಡಿಕೊಳ್ಳಬೇಕು. ಸೂರ್ಯಬಿಂಬ ಒಂದು ಚುಕ್ಕೆಯಲ್ಲ, ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾದುದು. ಆದುದರಿಂದ ನೆರಳಿನ ತುದಿ ಮಸುಕಾಗಿಯೇ ಇರುತ್ತದೆ. ಮಸುಕಿನ ನಡುವನ್ನು ಎರಡು ಹೊತ್ತಿನಲ್ಲಿಯೂ ಒಂದೇ ರೀತಿ ಹಿಡಿದರೆ ತಪ್ಪು ಕಡಮೆಯಾಗುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕವಿದರೆ ಬೆಳಗಿನ ಶ್ರಮವೆಲ್ಲ ವ್ಯರ್ಥ. ಇದಕ್ಕೆ ಪರಿಹಾರವಾಗಿ ಒಂದೇ ಕೇಂದ್ರದ ಸುತ್ತ ಮೂರು ನಾಲ್ಕು ವೃತ್ತಗಳನ್ನು ಎಳೆದಿಟ್ಟುಕೊಳ್ಳುವುದು ಒಳ್ಳೆಯದು; ಯಾವುದಾದರೂ ಒಂದರ ಮೇಲಾದರೂ ಎರಡು ಗುರುತುಗಳೂ ದೊರೆಯುತ್ತವೆ.

ಮಹಾವೀರಾಚಾರ್ಯರ ಅಧ್ಯಾಯ ಇಲ್ಲಿಗೆ ನಿಲ್ಲುವುದಿಲ್ಲ. ವಿಷುವದ ದಿನದ ಮಧ್ಯಾಹ್ನದಲ್ಲಿ ಶಂಕುವಿನ ನೆರಳು ಎಷ್ಟಿರುತ್ತದೆಂಬುದನ್ನು ಅವರು ಮುಖ್ಯವೆಂದು ಎಣಿಸಿದರು. ಲಂಕೆ, ಯವಕೋಟಿ, ಸಿದ್ಧಪುರ, ರೋಮಕಪುರಿಗಳೆಂದು ಹಳೆಯ ಶಾಸ್ತ್ರಕಾರರು ಕಲ್ಪಿಸಿಕೊಂಡಿದ್ದ, ಸಮಭಾಜಕವೃತ್ತದ ಮೇಲಿನ ನಾಲ್ಕು ನಗರಗಳಲ್ಲಿ ಆ ನೆರಳು ಇಲ್ಲವೇ ಇಲ್ಲವೆಂದೂ ಅಲ್ಲಿ ಹಗಲು ಮೂವತ್ತು ಗಳಿಗೆಗಳೆಂದೂ ಅವರು ಹೇಳುತ್ತಾರೆ. ಒಂದು ಗಳಿಗೆಗೆ 24 ನಿಮಿಷವಾದುದರಿಂದ ಅದು ಸರಿಯಾಗಿ 12 ಗಂಟೆ. ಉತ್ತರಕ್ಕೆ ಹೋದಂತೆ ಆ ನೆರಳು ಬೆಳೆಯುತ್ತದೆ. ವಾಡಿಕೆಯಾಗಿದ್ದ 12 ಅಂಗುಲದ ಶಂಕುವಿಗೆ ಮೈಸೂರಿನಲ್ಲಿ ಅದು ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಮಳಖೇಡ, ಮಂಠಾಳಗಳಲ್ಲಿ ನಾಲ್ಕು ಅಂಗುಲಕ್ಕಿಂತ ತುಸು ಕಡಮೆ. ಕಾಶಿಯಲ್ಲಿ ಐದೂವರೆಗೂ ಹೆಚ್ಚು. ದಿಕ್ಕನ್ನು ತೋರಿದ ಅದೇ ಕೋಲು ಊರು ಭೂಮಿಯ ಮೇಲೆ ಎಷ್ಟು ಉತ್ತರಕ್ಕಿದೆಯೆಂಬುದನ್ನೂ ಹೀಗೆ ಹೇಳುತ್ತದೆ.

ಆ ಸೀಮೆಯವರು ಬಾಲ್ಯದಿಂದಲೂ ಕಂಡಿರಬಹುದಾದ ಒಂದು ವಿಚಿತ್ರವಿದೆ. ಮೇ ತಿಂಗಳ ಎರಡನೆಯ ವಾರದಲ್ಲಿ ಒಂದು ದಿನ ನಡುಹಗಲಿನಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ; ನಿಂತವನ ನೆರಳು ಕಾಲಡಿಯಲ್ಲಿಯೇ ಅಡಗುತ್ತದೆ. ಅಲ್ಲಿಂದ ಜುಲೈ ಮುಗಿಯುವವರೆಗೆ ಸೂರ್ಯನು ಮಧ್ಯಾಹ್ನದಲ್ಲಿ ನೆತ್ತಿಯ ಉತ್ತರಕ್ಕಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಎಂದು ಬಾಯಿಪಾಠ ಮಾಡಿಕೊಂಡವನು ಆ ದಿನಗಳಲ್ಲಿ ದಿಕ್ಕನ್ನು ತಲೆಕೆಳಗು ಮಾಡಿಕೊಳ್ಳುವನು. ವೃತ್ತದ ಮೇಲಿನ ಎರಡು ಗುರುತುಗಳನ್ನು ನಂಬಿದವನಿಗೆ ಆಗಲೂ ತೊಂದರೆಯಿಲ್ಲ.

ನೆರಳಿನಿಂದ ಹೊತ್ತನ್ನು ತಿಳಿಯುವ ಒಂದು ಸೂತ್ರವನ್ನೂ ಮಹಾವೀರಾಚಾರ್ಯರು ಕೊಟ್ಟಿದ್ದಾರೆ. ನೆರಳು ವಸ್ತುವಿನ ಎತ್ತರದ ಎಷ್ಟರಷ್ಟಿದೆಯೆಂದು ನೋಡಿ, ಅದಕ್ಕೆ ಒಂದನ್ನು ಕೂಡಿ, ಬಂದುದನ್ನು ಎರಡರಿಂದ ಗುಣಿಸಿ, ಅದರಿಂದ ಹಗಲನ್ನು ಭಾಗಿಸಬೇಕು. ಬೆಳಗ್ಗೆಯಾದರೆ ಕಳೆದ ಹಗಲೂ ಸಂಜೆಯಾದರೆ ಉಳಿದ ಹಗಲೂ ದೊರೆಯುತ್ತವೆ. ನೆರಳು ಎತ್ತರಕ್ಕೆ ಸಮನಾಗಿದ್ದರೆ ಹಗಲಿನ ಕಾಲುಭಾಗ. ಮೂರರಷ್ಟಿದ್ದರೆ ಎಂಟನೆಯ ಒಂದು ಭಾಗ. ವಿಷುವದ ನೆರಳಿಲ್ಲದ ಪ್ರದೇಶಕ್ಕೆ ಹೇಳಿದ ಈ ಸೂತ್ರವನ್ನು ನೆರಳಿರುವ ಪ್ರದೇಶಗಳಿಗೆ ತಿದ್ದಿಕೊಳ್ಳುವ ಬಗೆಯನ್ನೂ ಅವರು ತಿಳಿಸಿದ್ದಾರೆ. ಇದು ಸ್ಥೂಲವಾದ ಲೆಕ್ಕ. ಸೂರ್ಯೋದಯದಲ್ಲಿಯೂ ಮಧ್ಯಾಹ್ನದಲ್ಲಿಯೂ ನೆರಳು ಎತ್ತರ ಸಮನಾದ ಗಳಿಗೆಯಲ್ಲಿಯೂ ಅದು ಪೂರ್ತಿ ಸರಿ. ನಡುವೆ ಕಾಲು ಗಂಟೆಯಷ್ಟು ತಪ್ಪಬಹುದು. ಜ್ಯೋತಿಷಿಗಳ ಬಳಿ ಇದಕ್ಕಿಂತ ಸೂಕ್ಷ್ಮವಾದ ಗಣಿತವಿತ್ತು. ಆದರೆ ಅದಕ್ಕೆ ಜ್ಯಾಕೋಷ್ಟಕಗಳು ಬೇಕು. ಹೊಲದಲ್ಲಿ ನಿಂತವನಿಗೆ ಮನಸ್ಸಿನಲ್ಲಿಯೇ ಮಾಡಬಹುದಾದ ಲೆಕ್ಕ ಬೇಕಾಗಿತ್ತು. ಅವರು ಅದನ್ನು ಒದಗಿಸಿದರು. ಗೋಡೆಯ ಮೇಲೆ ಹತ್ತಿದ ಕಂಬದ ನೆರಳು, ವಾಲಿದ ಕಂಬದ ನೆರಳು, ದೀಪದ ಬೆಳಕಿನ ನೆರಳು ಇವುಗಳ ಲೆಕ್ಕಗಳೂ ಅದೇ ಅಧ್ಯಾಯದಲ್ಲಿವೆ.

ದಿಕ್ಕಿನ ವಿಧಾನದಲ್ಲಿಯೂ ಒಂದು ಸೂಕ್ಷ್ಮವಿದೆ. ಬೆಳಗಿನ ಗುರುತಿಗೂ ಸಂಜೆಯ ಗುರುತಿಗೂ ನಡುವಿನ ಕೆಲವು ಗಂಟೆಗಳಲ್ಲಿ ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ಸ್ವಲ್ಪ ಸರಿದಿರುತ್ತಾನೆ. ಆದುದರಿಂದ ಗೆರೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಅಯನ ತಿರುಗುವ ದಿನಗಳಲ್ಲಿ ಈ ದೋಷ ಇಲ್ಲವೆನ್ನುವಷ್ಟು ಕಡಮೆ, ವಿಷುವದ ಸಮಯದಲ್ಲಿ ಅತ್ಯಧಿಕ. ಮುಂದೆ ಶ್ರೀಪತಿ, ಭಾಸ್ಕರಾಚಾರ್ಯರಂತಹ ಖಗೋಳಜ್ಞರು ಇದಕ್ಕೆ ತಿದ್ದುಪಡಿಯನ್ನು ಹೇಳಿದರು. ಮನೆಯ ಪಾಯಕ್ಕಾಗಲಿ ಹೊಲದ ಬದುವಿಗಾಗಲಿ ಆ ದೋಷ ಲೆಕ್ಕಕ್ಕೆ ಬರುವಂತಹುದಲ್ಲ. ಅಯಸ್ಕಾಂತದ ಸೂಜಿಯೂ ನೇರ ಉತ್ತರವನ್ನು ತೋರಿಸುವುದಿಲ್ಲ. ಭೂಮಿಯ ಕಾಂತೀಯ ಉತ್ತರವನ್ನು ತೋರಿಸುತ್ತದೆ. ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಕಾಂತಗುಣವಿರುವುದರಿಂದ ಅಂತಹ ಬಂಡೆಗಳ ಬಳಿ ಸೂಜಿ ಮತ್ತಷ್ಟು ಅತ್ತಿತ್ತ ತಿರುಗಬಹುದು. ನೆರಳಿಗೆ ಕಲ್ಲಿನ ಹಂಗಿಲ್ಲ.

ಮಹಾವೀರಾಚಾರ್ಯರು ಎಂದು, ಎಲ್ಲಿ ದೇಹವಿಟ್ಟರೆಂಬುದು ತಿಳಿಯದು. ಅವರ ಗ್ರಂಥ ಮಾತ್ರ ದಕ್ಷಿಣದ ಉದ್ದಗಲಕ್ಕೂ ಸಂಚರಿಸಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಅದಕ್ಕೆ ಟೀಕೆ ಹುಟ್ಟಿತು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಬರೆದು ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ಆದರೆ ಉತ್ತರದಲ್ಲಿ ಭಾಸ್ಕರಾಚಾರ್ಯರ ಲೀಲಾವತಿ ಪ್ರಸಿದ್ಧಿಗೆ ಬಂದ ಮೇಲೆ ಗಣಿತಸಾರಸಂಗ್ರಹ ಮರೆಗೆ ಸರಿಯಿತು. ಶತಮಾನಗಳ ಕಾಲ ಅದು ಜೈನ ಮಠಗಳ, ಮನೆಗಳ ಓಲೆಗರಿಗಳ ಕಟ್ಟಿನೊಳಗೆ ಉಳಿದಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅದರ ಹಸ್ತಪ್ರತಿಗಳನ್ನು ಹುಡುಕಿ ತೆಗೆದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಯೋಲೆಗಳೂ ಇದ್ದವು. ಪ್ರತಿಗಳನ್ನು ಹೋಲಿಸಿ, ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಇಂಗ್ಲಿಷ್ ಅನುವಾದದೊಡನೆ ಅವರು ಸಿದ್ಧಪಡಿಸಿದ ಆವೃತ್ತಿಯನ್ನು 1912ರಲ್ಲಿ ಮದರಾಸು ಸರ್ಕಾರ ಪ್ರಕಟಿಸಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಮಾನ್ಯಖೇಟದ ಕಾಲದ ಆಚಾರ್ಯರ ಹೆಸರು ಅಂದಿನಿಂದ ಪ್ರಪಂಚದ ಗಣಿತದ ಚರಿತ್ರೆಗಳಲ್ಲಿ ಕಾಣಿಸಿಕೊಳ್ಳತೊಡಗಿತು. ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಹೀಗೆ ಗ್ರಂಥ ಹುಟ್ಟಿದ ಸಾವಿರದ ನೂರೈವತ್ತು ವರ್ಷಗಳ ಮೇಲೆ, ಕೋಲನ್ನು ನೆಟ್ಟು ಮೀನನ್ನು ಬರೆಯುವ ಆ ಕೊನೆಯ ಅಧ್ಯಾಯ ಮುದ್ರಿತ ಕನ್ನಡದಲ್ಲಿ ಓದಲು ದೊರೆಯುವಂತಾಯಿತು.